ಕಣ್ಣಿನ ದ್ರವದಲ್ಲಿ ಓಪಿಯಾಯ್ಡ್ ಪತ್ತೆ: ಸೂಜಿಯಿಂದ ವರದಿಯವರೆಗೆ

ಹೆರಾಯಿನ್, ಮಾರ್ಫಿನ್‌ನಂಥ ಓಪಿಯಾಯ್ಡ್ (ಅಫೀಮಿನಿಂದ ಬಂದ ಅಥವಾ ಅದರಂತೆಯೇ ಕೆಲಸ ಮಾಡುವ) ಮಾದಕವಸ್ತು ಸೇವನೆಯ ಶಂಕೆಯಿರುವ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆಯ ವೇಳೆ ಮೊದಲಿಗೆ ಸಂಗ್ರಹಿಸುವುದು ರಕ್ತವನ್ನು. ಆದರೆ ಸಾವಿನ ನಂತರ ರಕ್ತ ಇದ್ದಂತೆಯೇ ಉಳಿಯುವುದಿಲ್ಲ. ಯಕೃತ್ತು, ಶ್ವಾಸಕೋಶ ಮತ್ತು ಹೃದಯದ ಸ್ನಾಯುಗಳಲ್ಲಿ ಶೇಖರವಾಗಿದ್ದ ಔಷಧ, ಜೀವಕೋಶಗಳು ಒಡೆಯುತ್ತಿದ್ದಂತೆ ಸುತ್ತಲಿನ ರಕ್ತಕ್ಕೆ ಸೋರತೊಡಗುತ್ತದೆ. ಹೀಗಾಗಿ ಹೃದಯದಿಂದ ತೆಗೆದ ರಕ್ತದಲ್ಲಿ ಸಿಕ್ಕ ಪ್ರಮಾಣವೇ ಸಾವಿನ ಹೊತ್ತಿನಲ್ಲೂ ಇತ್ತೆಂದು ಹೇಳಲಾಗದು. ಕಣ್ಣಿನ ಮಸೂರಕ್ಕೂ ಅಕ್ಷಿಪಟಲಕ್ಕೂ (ರೆಟಿನಾ) ನಡುವೆ ತುಂಬಿರುವ ವಿಟ್ರಿಯಸ್ ದ್ರವ ನೆರವಿಗೆ ಬರುವುದು ಇಲ್ಲಿಯೇ. ಶೇಕಡ 98ಕ್ಕಿಂತ ಹೆಚ್ಚು ನೀರಿರುವ ಈ ಪಾರದರ್ಶಕ ಲೋಳೆಯಲ್ಲಿ ರಕ್ತನಾಳಗಳಿಲ್ಲ. ಅದು ಹೊಟ್ಟೆ ಮತ್ತು ಎದೆಯ ಅಂಗಗಳಿಂದ ದೂರದಲ್ಲಿದ್ದು, ಗಟ್ಟಿಯಾದ ಕವಚದೊಳಗೆ ಇರುವುದರಿಂದ ಕೊಳೆಯುವುದೂ ತಡವಾಗಿ.

ಮಾದರಿ ತೆಗೆಯುವುದು

ಕೆಲಸದ ಅರ್ಧ ಭವಿಷ್ಯ ನಿರ್ಧಾರವಾಗುವುದು ಈ ಹಂತದಲ್ಲಿ. ವೈದ್ಯರು ರೆಪ್ಪೆಗಳನ್ನು ಬಿಡಿಸಿ, ಕಣ್ಣಿನ ಹೊರಮೂಲೆಯ ಬಳಿ ಬಿಳಿಭಾಗದ ಮೂಲಕ ಸೂಜಿಯನ್ನು ಗುಡ್ಡೆಯ ನಡುಭಾಗದತ್ತ ಚುಚ್ಚುತ್ತಾರೆ. ಕಾರ್ನಿಯಾ ಮಸುಕಾಗಿರದಿದ್ದರೆ ಸೂಜಿಯ ತುದಿ ಪಾಪೆಯ ಹಿಂದೆ ಕಾಣಿಸುತ್ತದೆ. ಸಣ್ಣ ಸಿರಿಂಜಿನ ಒಳದಂಡವನ್ನು ನಿಧಾನವಾಗಿ ಎಳೆಯಬೇಕು. ಜೋರಾಗಿ ಎಳೆದರೆ ಅಕ್ಷಿಪಟಲದ ಚೂರುಗಳು ಕಿತ್ತು ಬಂದು ದ್ರವ ಕಂದುಬಣ್ಣಕ್ಕೆ ತಿರುಗಬಹುದು. ಕೆಲವು ಔಷಧಗಳು ಕಣ್ಣಿನ ವರ್ಣದ್ರವ್ಯಕ್ಕೆ ಅಂಟಿಕೊಳ್ಳುವ ಸ್ವಭಾವದವಾದ್ದರಿಂದ ಅಂಥ ಮಾದರಿಯ ಅಂಕಿಗಳನ್ನು ನಂಬುವುದು ಕಷ್ಟ. ವಯಸ್ಕರ ಒಂದು ಕಣ್ಣಿನಿಂದ ಸಾಮಾನ್ಯವಾಗಿ 2ರಿಂದ 3 ಮಿಲಿಲೀಟರ್ ಸಿಗುತ್ತದೆ. ದ್ರವ ತೆಗೆದ ಮೇಲೆ ಅಷ್ಟೇ ಪ್ರಮಾಣದ ಲವಣಜಲವನ್ನು ಒಳಸೇರಿಸಿ ಗುಡ್ಡೆಯ ಆಕಾರವನ್ನು ಮರಳಿಸುತ್ತಾರೆ. ಕುಟುಂಬದವರು ಆ ಮುಖವನ್ನು ಮತ್ತೆ ನೋಡುವವರಿದ್ದಾರೆ ಎಂಬುದನ್ನು ಮರೆಯದ ಈ ಕ್ರಮ ಎಲ್ಲ ಕಡೆಯೂ ಕಡ್ಡಾಯವಾಗಿರಬೇಕೆಂಬುದು ನನ್ನ ಅಭಿಪ್ರಾಯ.

ಎರಡೂ ಕಣ್ಣುಗಳಿಂದ ದ್ರವ ತೆಗೆದು, ಮಾದರಿ ಕೆಡದಂತೆ ತಡೆಯುವ ಸೋಡಿಯಂ ಫ್ಲೋರೈಡ್ ಇರುವ ಕೊಳವೆಗಳಲ್ಲಿ ತುಂಬಿ, ಎಡ ಬಲ ಎಂದು ಗುರುತು ಹಾಕಿ, ಮೊಹರು ಮಾಡಿ ತಂಪಿನಲ್ಲಿಡಬೇಕು. ತಡವಾಗುವುದಾದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುವುದು ಲೇಸು.

ಪ್ರಯೋಗಾಲಯದಲ್ಲಿ

ತನ್ನಲ್ಲಿರುವ ಹಯಲುರಾನಿಕ್ ಆಮ್ಲದ ಕಾರಣ ಅಂಟಂಟಾಗಿರುವ ದ್ರವವನ್ನು ಪಿಪೆಟ್‌ನಲ್ಲಿ ಕರಾರುವಾಕ್ಕಾಗಿ ಅಳೆಯುವುದೇ ಒಂದು ತೊಡಕು. ಹಯಲುರಾನಿಡೇಸ್ ಕಿಣ್ವದಿಂದಲೋ ಧ್ವನಿತರಂಗಗಳಿಂದಲೋ ಅದನ್ನು ತೆಳುವಾಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಿಳಿಯನ್ನು ಬೇರ್ಪಡಿಸುತ್ತಾರೆ. ಬಳಿಕ ಪ್ರತಿಕಾಯ ಆಧಾರಿತ ಪ್ರಾಥಮಿಕ ಪರೀಕ್ಷೆ. ಮಾರ್ಫಿನ್‌ಗೆಂದು ರೂಪಿಸಿದ ಕಿಟ್ ಕೃತಕವಾಗಿ ತಯಾರಿಸಿದ ಓಪಿಯಾಯ್ಡ್‌ಗಳಾದ ಫೆಂಟನಿಲ್, ಮೆಥಡೋನ್‌ಗಳನ್ನು ಹಿಡಿಯುವುದಿಲ್ಲ. ಅವುಗಳಿಗೆ ಬೇರೆಯೇ ಕಿಟ್ ಬೇಕು. ಓಪಿಯೇಟ್ ಎಂದರೆ ಅಫೀಮಿನಿಂದ ಬಂದ ಮಾರ್ಫಿನ್‌ನಂಥವು ಮಾತ್ರ; ಆದ್ದರಿಂದ ‘ಓಪಿಯೇಟ್ ಇಲ್ಲ’ ಎಂಬ ಫಲಿತಾಂಶವನ್ನು ‘ಓಪಿಯಾಯ್ಡ್ ಇಲ್ಲ’ ಎಂದು ಓದಿಕೊಳ್ಳಬಾರದು.

ದೃಢೀಕರಣಕ್ಕೆ ಮಿಶ್ರಣದ ವಸ್ತುಗಳನ್ನು ಬಿಡಿಬಿಡಿಯಾಗಿಸುವ ದ್ರವ ಕ್ರೊಮ್ಯಾಟೋಗ್ರಫಿಯೊಂದಿಗೆ ಜೋಡಿಸಿದ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇಂದು ಹೆಚ್ಚು ಬಳಕೆಯಲ್ಲಿದೆ. ಮಾದರಿಗೆ ಡ್ಯುಟೀರಿಯಂ (ಭಾರ ಹೈಡ್ರೋಜನ್) ಸೇರಿದ ಮಾರ್ಫಿನ್‌ನಂಥ ಆಂತರಿಕ ಮಾನಕವನ್ನು, ಅಂದರೆ ಹೋಲಿಕೆಯ ವಸ್ತುವನ್ನು, ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಔಷಧ ಘನವಸ್ತುವೊಂದಕ್ಕೆ ಅಂಟಿಕೊಳ್ಳುವಂತೆ ಮಾಡಿ ಅದನ್ನು ಬೇರ್ಪಡಿಸಿ ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ತೋರಿಸುವ ಅಣುತೂಕವೊಂದೇ ಸಾಲದು. ಮಾರ್ಫಿನ್ ಮತ್ತು ಹೈಡ್ರೊಮಾರ್ಫೋನ್ ಎರಡರ ಅಣುತೂಕವೂ ಸುಮಾರು 285. ಕೊಡೀನ್ ಮತ್ತು ಹೈಡ್ರೊಕೊಡೋನ್‌ಗಳದ್ದೂ ಒಂದೇ, ಸುಮಾರು 299. ಇವನ್ನು ಪ್ರತ್ಯೇಕವಾಗಿ ಗುರುತಿಸಲು ಕ್ರೊಮ್ಯಾಟೋಗ್ರಫಿಯ ಕಾಲಮ್‌ನಿಂದ (ಕೊಳವೆಯಿಂದ) ಹೊರಬರುವ ಸಮಯವನ್ನೂ ಚೂರಾದ ಅಯಾನುಗಳ ಅನುಪಾತವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹೆರಾಯಿನ್‌ನ ಗುರುತು

ಕಣ್ಣಿನ ದ್ರವದ ನಿಜವಾದ ಬೆಲೆ ತಿಳಿಯುವುದು ಹೆರಾಯಿನ್ ಪ್ರಕರಣಗಳಲ್ಲಿ. ದೇಹ ಸೇರಿದ ಹೆರಾಯಿನ್ ನಿಮಿಷಗಳಲ್ಲೇ 6-ಮೊನೊಅಸಿಟೈಲ್‌ಮಾರ್ಫಿನ್ ಆಗಿ, ಅದೂ ಬಹುಬೇಗ ಮಾರ್ಫಿನ್ ಆಗಿ ಬದಲಾಗುತ್ತದೆ. ಮಾರ್ಫಿನ್ ಮಾತ್ರ ಸಿಕ್ಕರೆ ಅದು ಆಸ್ಪತ್ರೆಯ ಚುಚ್ಚುಮದ್ದಿನಿಂದಲೂ ಕೊಡೀನ್ ಮಾತ್ರೆಯಿಂದಲೂ ಬಂದಿರಬಹುದು, ಗಸಗಸೆಯೂ ಸ್ವಲ್ಪ ಮಾರ್ಫಿನ್ ಕೊಡುತ್ತದೆ. ನಡುವೆ ಉಂಟಾಗುವ 6-ಮೊನೊಅಸಿಟೈಲ್‌ಮಾರ್ಫಿನ್ ಸಿಕ್ಕರೆ ಮಾತ್ರ ಬೆರಳು ಹೆರಾಯಿನ್‌ನತ್ತ ತಿರುಗುತ್ತದೆ. ರಕ್ತದಲ್ಲಿನ ಎಸ್ಟರೇಸ್ ಕಿಣ್ವಗಳು ಸಾವಿನ ನಂತರವೂ ಅದನ್ನು ಒಡೆಯುತ್ತಲೇ ಇರುತ್ತವೆ. ವಿಟ್ರಿಯಸ್‌ನಲ್ಲಿ ಆ ಕಿಣ್ವಗಳ ಚಟುವಟಿಕೆ ಕಡಿಮೆಯಾದ್ದರಿಂದ, ರಕ್ತದಲ್ಲಿ ಕಾಣದ 6-ಮೊನೊಅಸಿಟೈಲ್‌ಮಾರ್ಫಿನ್ ಕಣ್ಣಿನಲ್ಲಿ ಪತ್ತೆಯಾಗುವುದುಂಟು. ಪ್ರಯೋಗಾಲಯದಲ್ಲಿ ಪ್ರಬಲ ಆಮ್ಲದೊಂದಿಗೆ ಕಾಯಿಸಿದರೆ ಈ ಗುರುತು ಅಲ್ಲಿಯೇ ಅಳಿಸಿಹೋಗುತ್ತದೆ.

ಫಲಿತಾಂಶವನ್ನು ಓದುವಾಗ ಸಮಯದ ಲೆಕ್ಕ ತಪ್ಪಬಾರದು. ರಕ್ತ ಮತ್ತು ಅಕ್ಷಿಪಟಲದ ನಡುವಿನ ತಡೆಯನ್ನು ದಾಟಿ ಔಷಧ ಕಣ್ಣಿಗೆ ಸೇರಲು ಹೊತ್ತು ಬೇಕು. ಚುಚ್ಚಿಕೊಂಡ ಸ್ವಲ್ಪ ಹೊತ್ತಿನಲ್ಲೇ ಸಾವು ಸಂಭವಿಸಿದರೆ ರಕ್ತದಲ್ಲಿ ಹೆಚ್ಚಿದ್ದು ಕಣ್ಣಿನಲ್ಲಿ ಕಡಿಮೆ ಇರಬಹುದು. ಗಂಟೆಗಟ್ಟಲೆ ಪ್ರಜ್ಞೆಯಿಲ್ಲದೆ ಬಿದ್ದು ಸತ್ತವರಲ್ಲಿ ರಕ್ತದಲ್ಲಿ ಕಡಿಮೆಯಾದ ಔಷಧ ಕಣ್ಣಿನಲ್ಲಿ ಇನ್ನೂ ಉಳಿದಿರಬಹುದು. ಹಾಗಾಗಿ ತೊಡೆಯ ಅಭಿಧಮನಿಯ ರಕ್ತ, ಮೂತ್ರ ಮತ್ತು ಯಕೃತ್ತಿನ ಫಲಿತಾಂಶಗಳನ್ನು ಜೊತೆಗಿಟ್ಟು ನೋಡುವುದು ವಾಡಿಕೆ. ಬಳಸಿ ಬಳಸಿ ದೇಹ ಒಗ್ಗಿಹೋದವರಿಗೂ ಮೊದಲ ಸಲ ಸೇವಿಸಿದವರಿಗೂ ಒಂದೇ ಪ್ರಮಾಣ ಒಂದೇ ಪರಿಣಾಮ ಮಾಡುವುದಿಲ್ಲವಾದ್ದರಿಂದ, ‘ಮೃತರ ದೇಹಕ್ಕೆ ಹೆರಾಯಿನ್ ಸೇರಿತ್ತು’ ಎಂದು ವರದಿಯಲ್ಲಿ ಬರೆಯಬಹುದೇ ಹೊರತು, ಕಣ್ಣಿನ ದ್ರವದ ಅಂಕಿಯೊಂದನ್ನೇ ಹಿಡಿದು ‘ಅದರಿಂದಲೇ ಸತ್ತರು’ ಎಂದು ಬರೆಯುವಂತಿಲ್ಲ.