ಫೋರ್ಕ್‌ಲಿಫ್ಟ್ ಕೀಲಿ ಕೊಡುವ ಮುನ್ನ

"ಕಾರು ಓಡಿಸ್ತೀಯೇನಪ್ಪಾ?"

"ಓಡಿಸ್ತೀನಿ ಸರ್."

"ಮತ್ತಿನ್ನೇನು, ತಗೋ ಕೀಲಿ."

ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ಆಪರೇಟರ್‌ಗಳು ಹೀಗೆ ನಿಂತ ನಿಲುವಿನಲ್ಲೇ ಹುಟ್ಟುವುದನ್ನು ಹಲವು ಸಲ ಕಂಡಿದ್ದೇನೆ. ವಾರ ಕಳೆಯುವುದರೊಳಗೆ ರ‍್ಯಾಕಿನ ಕಾಲೊಂದು ಸೊಟ್ಟಗಾಗಿರುತ್ತದೆ, ಬಾಗಿಲ ಚೌಕಟ್ಟು ಜಜ್ಜಿಹೋಗಿರುತ್ತದೆ. ಅಷ್ಟಕ್ಕೇ ಮುಗಿದರೆ ಪುಣ್ಯ. ಮಾಲೀಕರು ಹುಡುಗನನ್ನು ಬೈಯುತ್ತಾರೆ. ಬೈಸಿಕೊಳ್ಳಬೇಕಾದವರು ಕೀಲಿ ಕೊಟ್ಟವರು.

ಕಾರು ಬರುತ್ತದೆ ಎಂಬುದು ಇಲ್ಲಿ ಅರ್ಹತೆಯಲ್ಲ, ಅದೇ ತೊಡಕು. ಕಾರು ಮುಂದಿನ ಚಕ್ರದಿಂದ ತಿರುಗುತ್ತದೆ, ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ. ಕಾರಿನ ಭಾರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ, ಇದರ ಭಾರ ಪ್ರತಿ ಲೋಡಿಗೂ ಜಾಗ ಬದಲಿಸುತ್ತದೆ. ಹಾಗಾಗಿ ಅನುಭವಿ ಚಾಲಕನಿಗೆ ಕಲಿಸುವುದಕ್ಕಿಂತ ಹೆಚ್ಚಾಗಿ ಮರೆಸಬೇಕಾಗುತ್ತದೆ. ಆ ಕೆಲಸ ಹೀಗೆ.

ಹಂತ 1: ಯಾರ‍್ಯಾರಿಗೆ ಕಲಿಸಬೇಕು?

ದಿನವೂ ಓಡಿಸುವವರ ಜೊತೆಗೆ, "ಒಂದು ನಿಮಿಷ, ಇದನ್ನಿಷ್ಟು ಆಚೆ ಇಟ್ಟುಬಿಡ್ತೀನಿ" ಎಂದು ಹತ್ತುವವರ ಪಟ್ಟಿಯನ್ನೂ ಮಾಡಿ. ಆ ಪಟ್ಟಿಯಲ್ಲಿ ಸೂಪರ್‌ವೈಸರ್‌ಗಳ ಹೆಸರೇ ಮೇಲಿರುತ್ತದೆ. ಅವರು ಕಲಿಯಲಿ, ಇಲ್ಲವೇ ಹತ್ತದಿರಲಿ.

ಹಂತ 2: ತಗಡು ಓದುವುದು

ಪ್ರತಿ ಗಾಡಿಯ ಮೇಲೂ ಸಾಮರ್ಥ್ಯದ ತಗಡು ಇರುತ್ತದೆ. ಮೊದಲ ಪಾಠ ಅದೇ. "2,000 ಕೆಜಿ" ಎಂಬ ದೊಡ್ಡ ಅಂಕಿಯನ್ನಷ್ಟೇ ಓದಿ, ಪಕ್ಕದ "500 ಮಿ.ಮೀ." ಎಂಬುದನ್ನು ಯಾರೂ ಗಮನಿಸುವುದಿಲ್ಲ. ಲೋಡಿನ ನಡುಭಾರ, ಅಂದರೆ ಅದರ ತೂಕ ಸಮತೂಗುವ ಬಿಂದು, ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗಿದ್ದರೆ ಮಾತ್ರ 2,000 ಕೆಜಿ ಎಂದು ಅದರ ಅರ್ಥ. ಉದ್ದದ ಪೆಟ್ಟಿಗೆಯಾದರೆ ಲೆಕ್ಕವೇ ಬೇರೆ. ಮುಂದಿನ ಆಕ್ಸಲ್‌ನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಇದೆ ಎಂದುಕೊಳ್ಳಿ. ಆಗ 2,000 ಕೆಜಿ ಆಕ್ಸಲ್‌ನಿಂದ 900 ಮಿ.ಮೀ. ದೂರದಲ್ಲಿ ತೂಗುತ್ತಿರುತ್ತದೆ. ನಡುಭಾರ 700 ಮಿ.ಮೀ.ಗೆ ಸರಿದರೆ ಆ ದೂರ 1,100 ಆಗುತ್ತದೆ, ಎತ್ತಬಹುದಾದ ತೂಕ ಸುಮಾರು 1,640 ಕೆಜಿಗೆ ಇಳಿಯುತ್ತದೆ. ಇದು ಅರ್ಥವಾಗಲೆಂದು ಮಾಡಿಸುವ ಲೆಕ್ಕ ಅಷ್ಟೇ. ಕೆಲಸಕ್ಕೆ ತಗಡಿನ ಕೋಷ್ಟಕವೇ ಪ್ರಮಾಣ.

ತಗಡು ಮಾಸಿ ಓದಲಾಗದಿದ್ದರೆ ಪಾಠ ಅಲ್ಲಿಗೇ ನಿಲ್ಲಿಸಿ, ಮೊದಲು ತಗಡು ಹಾಕಿಸಿ.

ಹಂತ 3: ಬೆಳಗಿನ ತಪಾಸಣೆ

ಟೈರು, ಬ್ರೇಕು, ಹಾರ್ನು, ಚೈನು, ಫೋರ್ಕಿನಲ್ಲಿ ಬಿರುಕು, ನೆಲದ ಮೇಲೆ ಎಣ್ಣೆ: ಹತ್ತು ನಿಮಿಷದ ಕೆಲಸ. ಒಂದು ಮಾತನ್ನು ಮಾತ್ರ ಒತ್ತಿ ಹೇಳಿ. ಹೈಡ್ರಾಲಿಕ್ ಪೈಪ್ ಎಲ್ಲಿ ಸೋರುತ್ತಿದೆ ಎಂದು ಬೆರಳಾಡಿಸಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು.

ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಬೀಪ್ ನಿಲ್ಲಿಸಲು ಬರಿಯ ಕೊಂಡಿಯೊಂದು ಮಾರಾಟಕ್ಕಿದೆ. ಬೆಲ್ಟಿನ ಬದಲು ಅದನ್ನು ಸಿಕ್ಕಿಸಿದರಾಯಿತು, ಗಾಡಿ ತೆಪ್ಪಗಾಗುತ್ತದೆ. ಗಾಡಿಯಲ್ಲಿ ಅದು ಕಂಡರೆ ಕಿತ್ತು ಬಿಸಾಡಿ. ಯಾಕೆ ಎಂಬುದು ಹಂತ 7ಕ್ಕೆ ಬಂದಾಗ ತಿಳಿಯುತ್ತದೆ.

ಹಂತ 4: ಖಾಲಿ ಗಾಡಿ

ಕೋನ್‌ಗಳನ್ನಿಟ್ಟು ಎಂಟರ ಆಕಾರದಲ್ಲಿ ಓಡಿಸಿ. ತಿರುಗುವಾಗ ಗಾಡಿಯ ಹಿಂಭಾಗ ಹೊರಕ್ಕೆ ಬೀಸುತ್ತದೆ. ಹೊಸಬನ ಕಣ್ಣು ಫೋರ್ಕಿನ ತುದಿಯ ಮೇಲಿರುವಾಗ ಹಿಂದಿನ ಕೋನ್ ಬಿದ್ದಿರುತ್ತದೆ. ಆ ಜಾಗದಲ್ಲಿ ಮನುಷ್ಯನೊಬ್ಬ ನಿಂತಿದ್ದ ಎಂದು ಊಹಿಸಿಕೊಳ್ಳಲು ಹೇಳಿ. ಒಂದೂ ಕೋನ್ ಬೀಳದೆ ಹತ್ತು ಸುತ್ತು ಮುಗಿಸುವವರೆಗೆ ಲೋಡು ಮುಟ್ಟಲು ಬಿಡಬೇಡಿ.

ಹಂತ 5: ಲೋಡು ಎತ್ತುವುದು

ಎಲ್ಲರೂ ಎಡವುವುದು ಇಲ್ಲೇ. ಅರ್ಧ ಗಂಟೆಯ ವಿಡಿಯೋ ತೋರಿಸಿ, ಹತ್ತು ಪ್ರಶ್ನೆ ಕೇಳಿ, ಬಣ್ಣದ ಪ್ರಮಾಣಪತ್ರ ಕೊಡುವ ತರಬೇತಿಗಳು ಈ ಹಂತವನ್ನು ಚಿತ್ರದಲ್ಲೇ ಮುಗಿಸುತ್ತವೆ. ಅಂಥವಕ್ಕೆ ದುಡ್ಡು ಸುರಿಯಬೇಡಿ. ಭಾರ ಅಂದರೇನು ಎಂಬುದು ಸೀಟಿನ ಮೇಲೆ ಕೂತವನ ಮೈಗೆ ತಿಳಿಯಬೇಕು.

ಮೊದಲು ಮೂರು ಕಾಲಿನ ಸ್ಟೂಲ್ ಒಂದನ್ನು ತನ್ನಿ. ಕಲಿಯುವವನನ್ನು ಅದರ ಮೇಲೆ ಕೂರಿಸಿ, ಎರಡು ಕಾಲುಗಳ ನಡುವಿನ ಕಡೆಗೆ ಮೆಲ್ಲಗೆ ವಾಲಲು ಹೇಳಿ, ನೀವು ಪಕ್ಕದಲ್ಲೇ ಹಿಡಿದು ನಿಂತಿರಿ. ಒಂದು ಬಿಂದು ದಾಟಿದೊಡನೆ ಸ್ಟೂಲ್ ಏಳುತ್ತದೆ. ನಾಲ್ಕು ಚಕ್ರದ ಫೋರ್ಕ್‌ಲಿಫ್ಟ್ ಕೂಡ ಹೀಗೆ ಮೂರೇ ಬಿಂದುಗಳ ಮೇಲೆ ಕೂತಿರುತ್ತದೆ: ಮುಂದಿನ ಎರಡು ಚಕ್ರ, ಮತ್ತೆ ಹಿಂದಿನ ಆಕ್ಸಲ್ ತೂಗಾಡುವ ನಡುವಿನ ಕೀಲು. ಗಾಡಿ ಮತ್ತು ಲೋಡು ಸೇರಿದ ಭಾರದ ಗೆರೆ ಈ ತ್ರಿಕೋನದೊಳಗೆ ಬೀಳುವವರೆಗೆ ಗಾಡಿ ನಿಂತಿರುತ್ತದೆ. ಲೋಡು ಮೇಲೇರಿದಷ್ಟೂ ಸಣ್ಣ ತಿರುವು, ಸಣ್ಣ ಹಳ್ಳ ಸಾಕು ಆ ಗೆರೆ ಆಚೆ ಸರಿಯಲು.

ಆಮೇಲೆ ಗಾಡಿ. ಪ್ಯಾಲೆಟ್‌ಗೆ (ಸರಕು ಪೇರಿಸುವ ಮಣೆಗೆ) ನೇರವಾಗಿ ಬಂದು ನಿಲ್ಲಬೇಕು, ಓರೆಯಾಗಿ ಬಂದು ಕೊನೆಗಳಿಗೆಯಲ್ಲಿ ಸ್ಟೀರಿಂಗ್ ಎಳೆದಾಡುವುದಲ್ಲ. ಫೋರ್ಕುಗಳನ್ನು ಪ್ಯಾಲೆಟ್ ಬಿಡುವಷ್ಟು ಅಗಲಿಸಿ, ನೆಲಕ್ಕೆ ಸಮನಾಗಿ ಹಿಡಿದು, ಲೋಡು ಬುಡಕ್ಕೆ ತಾಗುವವರೆಗೆ ಒಳಗೆ ಸೇರಿಸಬೇಕು. ಅವಸರದಲ್ಲಿ ಮುಕ್ಕಾಲು ಪಾಲು ಸೇರಿಸಿ ಎತ್ತುವುದು ಹಳಬರ ಚಟ. ಹಂತ 2ರ ಲೆಕ್ಕ ನೆನಪಿಸಿ: ಲೋಡು ಬುಡದಿಂದ ದೂರ ಉಳಿದಷ್ಟೂ ಗಾಡಿಯ ಶಕ್ತಿ ಕುಗ್ಗಿತು.

ಎರಡು ಬೆರಳಷ್ಟು ಎತ್ತಿ ನಿಲ್ಲಿಸಿ. ಹಿಂಬದಿ ಹಗುರಾಯಿತೇ? ಲೋಡು ಒಂದು ಕಡೆಗೆ ವಾಲಿತೇ? ಹಾಗಿದ್ದರೆ ಇಳಿಸಿ, ಮತ್ತೆ ಹಿಡಿಯಬೇಕು. ಹಿಂಬದಿ ಹಗುರಾದಾಗ ನಾಲ್ಕು ಜನರನ್ನು ಹಿಂದೆ ಹತ್ತಿಸಿ "ಭಾರ ಕೊಡುವ" ಬುದ್ಧಿವಂತಿಕೆಯನ್ನೂ ನೋಡಿದ್ದೇನೆ. ಅದಕ್ಕಿಂತ ದೊಡ್ಡ ಹುಚ್ಚು ಬೇರೆ ಇಲ್ಲ.

ಎಲ್ಲ ಸರಿಯಿದ್ದರೆ ಮಾಸ್ಟನ್ನು (ಫೋರ್ಕು ಏರಿಳಿಯುವ ಕಂಬವನ್ನು) ತುಸು ಹಿಂದಕ್ಕೆ ವಾಲಿಸಿ, ಹಿಂದೆ ನೋಡಿಕೊಂಡು ಹೊರಬಂದು, ಲೋಡನ್ನು ನೆಲದಿಂದ ಒಂದು ಗೇಣಿಗಿಂತ ಕೆಳಗೇ ಇಟ್ಟು ಸಾಗಬೇಕು. ಎತ್ತರದಲ್ಲಿ ಇಟ್ಟುಕೊಂಡು ಓಡಿಸುವುದೂ ತಿರುಗಿಸುವುದೂ ಕೂಡದು. ದಾರಿ ಕಾಣದಂತೆ ಲೋಡು ಅಡ್ಡವಾದರೆ ಹಿಮ್ಮುಖವಾಗಿ ಓಡಿಸಲಿ. ಕತ್ತು ನೋಯುತ್ತದೆ, ನೋಯಲಿ. ರ‍್ಯಾಕಿನಲ್ಲಿ ಇಡುವಾಗ ಮಾಸ್ಟನ್ನು ಮುಂದಕ್ಕೆ ವಾಲಿಸುವುದು ಲೋಡು ರ‍್ಯಾಕಿನ ಹಲಗೆಯ ಮೇಲೆ ಬಂದ ನಂತರವೇ.

ಇಷ್ಟು ಬಂದ ಮೇಲೆ ನನ್ನದೊಂದು ಪರೀಕ್ಷೆ ಇದೆ. ಬಯಲಿನಲ್ಲಿ, ಪ್ಯಾಲೆಟ್ ಮೇಲೆ ಕಂಠಮಟ್ಟ ನೀರು ತುಂಬಿದ ಬಕೆಟ್ ಇಟ್ಟು ಒಂದು ಸುತ್ತು ಓಡಿಸಲು ಹೇಳುತ್ತೇನೆ. ಎಲ್ಲಿ ಜೋರಾಗಿ ಬ್ರೇಕ್ ಒತ್ತಿದ, ಎಲ್ಲಿ ಲಿವರ್ ಜಗ್ಗಿದ ಎಂಬುದನ್ನು ನೆಲದ ಮೇಲಿನ ಒದ್ದೆಯೇ ಹೇಳುತ್ತದೆ. ವಾದಕ್ಕೆ ಜಾಗವಿಲ್ಲ. ವೇಗದ ಪಾಠವೂ ಇದರಲ್ಲೇ ಸೇರಿಕೊಂಡಿದೆ: ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲೇ ಗಾಡಿ ಒಬ್ಬ ಆಳು ಮಲಗುವ ಉದ್ದಕ್ಕಿಂತ ಹೆಚ್ಚು ದೂರ ಸಾಗಿರುತ್ತದೆ.

ಹಂತ 6: ಇಳಿಜಾರು

ಲೋಡು ಇದ್ದರೆ ಫೋರ್ಕು ಯಾವಾಗಲೂ ಏರಿನ ಕಡೆಗೆ. ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಮ್ಮುಖ. ಖಾಲಿ ಇದ್ದರೆ ತಿರುವುಮುರುವು. ಇಳಿಜಾರಿನಲ್ಲಿ ತಿರುಗಿಸುವಂತಿಲ್ಲ.

ಹಂತ 7: ಗಾಡಿ ಮಗುಚಿದರೆ

ಹಾರಿಕೊಳ್ಳಬೇಕು ಅನ್ನಿಸುವುದು ಸಹಜ. ಹಾರಿದವನು ಬೀಳುವುದು ಗಾಡಿ ಬೀಳುವ ಕಡೆಗೇ, ಮೇಲಿನ ರಕ್ಷಣಾ ಚೌಕಟ್ಟಿನ ಅಡಿಗೆ. ಕೂತು ಓಡಿಸುವ ಗಾಡಿಯಾದರೆ ಬೆಲ್ಟ್ ಹಾಕಿಕೊಂಡೇ ಸ್ಟೀರಿಂಗ್ ಬಿಗಿಹಿಡಿದು, ಕಾಲು ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು. ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ನಿಂತ ಗಾಡಿಯಲ್ಲಿ ಕೂರಿಸಿ, "ಎಡಕ್ಕೆ!" "ಬಲಕ್ಕೆ!" ಎಂದು ಕೂಗಿ ಇಪ್ಪತ್ತು ಸಲ ಮಾಡಿಸಿ. ನಗುತ್ತಾರೆ. ನಗಲಿ, ಮೈಗೆ ನೆನಪಿರುತ್ತದೆ. ಆ ಸುಳ್ಳು ಕೊಂಡಿ ಸಿಕ್ಕಿಸಿಕೊಂಡವನಿಗೆ ಇದ್ಯಾವುದೂ ಉಪಯೋಗಕ್ಕೆ ಬಾರದು.

ಹಂತ 8: ಸಹಿ ಹಾಕುವುದು

ಇವನು ಓಡಿಸಬಲ್ಲ ಎಂದು ಸಹಿ ಹಾಕಲು ಕಲಿಸಿದವರೇ ಪರೀಕ್ಷಿಸುವುದು ಬೇಡ, ತಾವು ಕಲಿಸಿದವನ ತಪ್ಪು ಅವರ ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದ ನಿಯಮದಂತೆ ಕನಿಷ್ಠ 3 ವರ್ಷಕ್ಕೊಮ್ಮೆ ಆಪರೇಟರ್‌ನ ಕೆಲಸವನ್ನು ಮತ್ತೆ ಒರೆಗೆ ಹಚ್ಚಬೇಕು. ನನ್ನನ್ನು ಕೇಳಿದರೆ ವರ್ಷಕ್ಕೊಮ್ಮೆ, ಜೊತೆಗೆ ಸ್ವಲ್ಪದರಲ್ಲಿ ತಪ್ಪಿದ ಪ್ರತಿ ಅನಾಹುತದ ಮರುದಿನ. ಹೊಸ ಬಗೆಯ ಗಾಡಿ ಬಂದರೂ ಅಷ್ಟೇ.

ಸಹಿ ಹಾಕಿದ ದಿನದಿಂದ ಕೀಲಿಗಳು ಗಾಡಿಯಲ್ಲಿ ಉಳಿಯಬಾರದು. ಫೋರ್ಕು ನೆಲಕ್ಕಿಳಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ಜೇಬಿಗೆ. ಐದು ನಿಮಿಷದ ಚಹಾಕ್ಕೆ ಹೋಗುವಾಗಲೂ.