ಬಿಸಿ ವೆಸ್ಟ್ ಇಲ್ಲದೆ ಸ್ಕಾಪಾ ಫ್ಲೋದಲ್ಲಿ 12 ಡೈವ್

ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋಗೆ, ಮುಳುಗಿದ ಹಡಗು ನೋಡಲು ಹೋಗಿ, ಲೈವ್‌ಅಬೋರ್ಡಿನಲ್ಲಿ (ಊಟ, ನಿದ್ದೆ ಎಲ್ಲ ಅಲ್ಲೇ ಆಗುವ ಡೈವ್ ಬೋಟು) ವಾರ ಇದ್ದು, ಆರು ದಿನಕ್ಕೆ 12 ಡೈವ್ ಮುಗಿಸಿ ಬಂದೆ. ಒಂದನ್ನೂ ತಪ್ಪಿಸಲಿಲ್ಲ. ಹಿಂದಿನ ಸಲ ಐದು ಡೈವ್ ಬಿಟ್ಟು ಬೋಟಿನೊಳಗೆ ಕಂಬಳಿ ಹೊದ್ದು ಕೂತಿದ್ದವನು ನಾನು, ಅದಕ್ಕೇ ಈ ಲೆಕ್ಕ. ಈ ಸಲ ಡ್ರೈಸೂಟಿನ (ನೀರು ಒಳಗೆ ಬಿಡದ ಡೈವ್ ಉಡುಪು) ಒಳಗೆ ಹಾಕುವ, ಬ್ಯಾಟರಿಯಿಂದ ಬಿಸಿಯಾಗುವ ವೆಸ್ಟ್ ತರಲ್ಲ ಅಂದಾಗ ಜೊತೆಯವರು ನಕ್ಕಿದ್ದರು. "ಮೂರನೇ ದಿನಕ್ಕೆ ನಮ್ಮದೇ ಕೇಳ್ತೀಯ, ನೋಡ್ತಿರು" ಅಂದಿದ್ದರು. ಕೇಳಲಿಲ್ಲ.

ಮೊದಲು ಆ ಹಳೇ ಟ್ರಿಪ್ಪಿನ ಕಥೆ. ಬೋಟಿಗೆ ಕಟ್ಟಿದ ದುಡ್ಡಿನ ಹೆಚ್ಚುಕಮ್ಮಿ ಮುಕ್ಕಾಲು ಭಾಗದಷ್ಟು ವೆಸ್ಟಿಗೇ ಸುರಿದಿದ್ದೆ. ಎರಡನೇ ದಿನ ಅಲ್ಲಿ ಮುಳುಗಿರುವ ಡ್ರೆಸ್ಡನ್ ಕ್ರೂಸರ್ ಮೇಲೆ, ಸುಮಾರು 30 ಮೀಟರಿನಲ್ಲಿ, ಸೂಟಿನ ಎಡ ಮಣಿಕಟ್ಟಿನಲ್ಲಿ ನೀರು ತಡೆಯುವ ಸೀಲ್ ಸಣ್ಣಗೆ ಸೋರಿತು. ಮೊಣಕೈವರೆಗೆ ಒದ್ದೆ. ನೀರು ಕನೆಕ್ಟರ್ ಮುಟ್ಟಿತು, ವೆಸ್ಟ್ ಸತ್ತಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸೀಲ್ ಬದಲಾಯಿಸಿಕೊಂಡೆ, ಆದರೂ ಚಳಿ ಬಿಡಲಿಲ್ಲ. ಅಂಡರ್‌ಸೂಟ್ (ಡ್ರೈಸೂಟಿನೊಳಗೆ ಹಾಕುವ ಬೆಚ್ಚಗಿನ ಉಡುಪು) ಹಿಂಡಿ ನೋಡಿದಾಗ ಗೊತ್ತಾಯಿತು. ಅಷ್ಟೂ ಬೆವರು! ಸ್ಕಿಪ್ಪರ್ ಕರೆಯುವ ಅರ್ಧ ಗಂಟೆ ಮೊದಲೇ ಜಿಪ್ ಎಳೆದುಕೊಂಡು ಡೆಕ್ಕಿನ ಮೇಲೆ ಕೂರುತ್ತಿದ್ದೆ. ಮಧ್ಯಾಹ್ನ ಅದೇ ಒದ್ದೆ ಬಟ್ಟೆಯಲ್ಲಿ ಮತ್ತೆ ಇಳಿಯುತ್ತಿದ್ದೆ. ನೀರು ಎಂಟು ಡಿಗ್ರಿ. ಇನ್ನೇನಾಗುತ್ತೆ?

ಈ ಸಲ ತೆಳುವಾದ ಎರಡು ಅಂಡರ್‌ಸೂಟ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಎರಡೂ ಸೇರಿ ಆ ವೆಸ್ಟಿನ ಕಾಲು ಭಾಗವೂ ಆಗಲಿಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮೇಲೆ ಬಂದ ತಕ್ಷಣ ಒಳಗಿನ ಬನಿಯನ್, ಕಾಲ್ಚೀಲ ಎಲ್ಲ ಬದಲಿ, ಹುಡ್ ಬಿಸಿನೀರಲ್ಲಿ ಅದ್ದಿ ನೇತು ಹಾಕೋದು. ಬಿಚ್ಚಿದ ಅಂಡರ್‌ಸೂಟ್ ಇಂಜಿನ್ ಬಿಸಿಗೆ ಒಣಗುವ ಜಾಗಕ್ಕೆ. ಅಲ್ಲಿ ಎಲ್ಲರಿಗಿಂತ ಮೊದಲು ಹ್ಯಾಂಗರ್ ಹಿಡಿಯಬೇಕು, ಸಂಕೋಚ ಬೇಡ. ಮತ್ತೆ ಜಿಪ್ ಎಳೆಯೋದು ಸ್ಕಿಪ್ಪರ್ "ಹತ್ತು ನಿಮಿಷ" ಅಂದ ಮೇಲೆಯೇ. ಬಟ್ಟೆ ತೆಳುವಾದ್ದರಿಂದ ಮುಳುಗಲು ಕಟ್ಟಿಕೊಳ್ಳುವ ಸೀಸವೂ ಮೂರು ಕಿಲೋ ಹತ್ತಿರ ಇಳಿಯಿತು. ಬೆನ್ನಿಗೆ ಅದೇ ದೊಡ್ಡ ಲಾಭ.

ಉಳಿದ ದುಡ್ಡು, ನೀರು ಒಳಗೆ ಬಿಡದ ಡ್ರೈ ಗ್ಲೌಸಿಗೆ. ಮೊದಲೆಲ್ಲ ಐದು ಮಿಲಿಮೀಟರಿನ ವೆಟ್ ಗ್ಲೌಸ್ ಹಾಕಿ, ಮೂವತ್ತೈದನೇ ನಿಮಿಷಕ್ಕೆ ದಾರದ ರೀಲಿನ ಕ್ಲಿಪ್ ಬಿಚ್ಚಲಾಗದೆ ಒದ್ದಾಡಿದ್ದೂ ಉಂಟು. ಸೂಟಿನ ಗಾಳಿ ಕೈಗೆ ಹರಿಯದಿದ್ದರೆ ಆಳದಲ್ಲಿ ಡ್ರೈ ಗ್ಲೌಸ್ ಬೆರಳಿಗೆ ಬಿಗಿದುಕೊಳ್ಳುತ್ತೆ ಅಲ್ವಾ, ಅದಕ್ಕೆ ನನ್ನದೇ ಒಂದು ಉಪಾಯ ಇದೆ. ಇಲ್ಲಿ ಬರೆಯಲ್ಲ. ಬೋಟಲ್ಲಿ ಸಿಕ್ಕರೆ ಟೀ ಕೊಡಿಸಿ, ತೋರಿಸ್ತೀನಿ. ನಾಲ್ಕನೇ ದಿನ ಕ್ರೋನ್‌ಪ್ರಿನ್ಸ್ ವಿಲ್‌ಹೆಲ್ಮ್ ಕೆಳಗೆ ಈ ಗ್ಲೌಸಿನ ಬೆಲೆ ತಿಳಿಯಿತು. 1919ರ ಜೂನ್ 21ರಂದು ಜರ್ಮನ್ನರು ತಾವೇ ಮುಳುಗಿಸಿದ ಯುದ್ಧನೌಕೆ, ತಲೆಕೆಳಗಾಗಿ ಬಿದ್ದಿದೆ. 35 ಮೀಟರ್ ಹತ್ತಿರ, ಮೇಲೆ ಉಕ್ಕಿನ ಛಾವಣಿ, ಎದುರಿಗೆ ಕಂದು ಕೆಸರಿನಿಂದ ಹೊರಬಂದ 30.5 ಸೆಂಟಿಮೀಟರ್ ಫಿರಂಗಿಯ ಬಾಯಿ. ಟಾರ್ಚಿನ ಸಣ್ಣ ಗುಂಡಿ ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು. ಜೊತೆಗಿದ್ದವನು ತನ್ನದನ್ನು ಎರಡು ಕೈಯಲ್ಲಿ ಅದುಮುತ್ತಿದ್ದ.

ಎಲ್ಲ ಸರಿಯಾಯಿತು ಅಂತಲ್ಲ. ಮೂರನೇ ದಿನ ಗಾಳಿಗೆ ನಿಂತು ರೆಗ್ಯುಲೇಟರಿನಲ್ಲಿ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ನಾಲ್ಕೈದು ಸಲ ಉಸಿರೆಳೆದು "ಸರಿ ಇದೆ" ಅಂತ ನೀರಿಗಿಳಿದೆ. ಶಾಟ್‌ಲೈನಿನಲ್ಲಿ (ಇಳಿಯಲು ಹಿಡಿಯುವ ಹಗ್ಗ) 20 ಮೀಟರ್ ದಾಟುವಷ್ಟರಲ್ಲಿ ಫ್ರೀ-ಫ್ಲೋ, ಅಂದರೆ ಗಾಳಿ ನಿಲ್ಲದೆ ಸುರಿಯತೊಡಗಿತು. ಆ ರೆಗ್ಯುಲೇಟರಿನ ವಾಲ್ವ್ ಮುಚ್ಚಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧದಷ್ಟು ಗ್ಯಾಸ್ ಖಾಲಿ. ಡೈವ್ ಏಳೇ ನಿಮಿಷಕ್ಕೆ ಮುಗಿಯಿತು, ಆದರೂ ಲೆಕ್ಕಕ್ಕೆ ಸೇರಿಸಿದ್ದೇನೆ! ಚಳಿಯಲ್ಲಿ ನೀರಿಗಿಳಿಯುವ ಮೊದಲೇ ಅದರಲ್ಲಿ ಉಸಿರಾಡಬಾರದು (ಒಳಗೆ ಹೆಪ್ಪುಗಟ್ಟಿ ಹೀಗಾಗುತ್ತೆ), ಸೂಟಿಗೆ ಗಾಳಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ನಿಮಗೂ ಗೊತ್ತು, ನನಗೂ ಗೊತ್ತಿತ್ತು.

ಇನ್ನೊಂದು ಪೆದ್ದುತನ, ಹಳೇ ಟ್ರಿಪ್ಪಿನದು. ವೆಸ್ಟ್ ಸತ್ತ ಮೇಲೆ ಗಾಳಿ ತಾಗಿದರೆ ಬಿಸಿಯಾಗುವ ಕೈಪೊಟ್ಟಣ ಇರುತ್ತಲ್ಲ, ಅದನ್ನು ಸೊಂಟಕ್ಕೆ ಇಟ್ಟುಕೊಂಡೆ. ಸೂಟಿಗೆ ಹೋಗುತ್ತಿದ್ದದ್ದು ಬೆನ್ನಿನ ಸಿಲಿಂಡರಿನ ನೈಟ್ರಾಕ್ಸೇ, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ. ಆಳಕ್ಕೆ ಹೋದಂತೆ ಆಮ್ಲಜನಕದ ಒತ್ತಡ ಏರಿ ಪೊಟ್ಟಣ ಕೆಂಡದ ಹಾಗಾಯಿತು. ತೆಗೆಯೋಣ ಅಂದರೆ ಅದು ಜಿಪ್ಪಿನ ಒಳಗೆ. ಕಲೆ ಇನ್ನೂ ಇದೆ. ಈ ಸಲ ಸೂಟಿಗೆ ತುಂಬಲು ಆರ್ಗಾನ್ ಅನಿಲ ಕೂಡ ನೋಡಿದೆ. ಶಾಖ ಸಾಗಿಸುವುದರಲ್ಲಿ ಅದು ಗಾಳಿಗಿಂತ ಮೂರನೇ ಒಂದು ಭಾಗ ಕಡಿಮೆ, ಲೆಕ್ಕ ಚೆನ್ನಾಗಿದೆ. ಸಣ್ಣ ಬಾಟಲಿಗೆ ಆರ್ಗಾನೋ ಗಾಳಿಯೋ ಹೇಳದೆ ತುಂಬಿಸಲು ಗೆಳೆಯನಿಗೆ ಹೇಳಿದೆ. ಎರಡು ಡೈವ್, ಎರಡು ಸಲವೂ ನಾನು ಊಹಿಸಿದ್ದು ತಪ್ಪು. ಅಲ್ಲಿಗೆ ಬಿಟ್ಟೆ.

ಪಾದ ಮಾತ್ರ ಇನ್ನೂ ಬಗೆಹರಿದಿಲ್ಲ. ಎರಡು ಜೊತೆ ಕಾಲ್ಚೀಲ ಹಾಕಿದರೆ ಬೂಟು ಬಿಗಿಯಾಗಿ ಇನ್ನೂ ಜಾಸ್ತಿ ಚಳಿ. ಒಂದು ಸೈಜ್ ದೊಡ್ಡ ಬೂಟು ಹುಡುಕುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.