ಗೇರುಬೀಜವನ್ನು ಎಣಿಸಿ ತಿನ್ನತೊಡಗಿದ ಮೇಲೆ

ಕುಮಟಾದ ನಮ್ಮ ಮನೆಯ ಹಿತ್ತಿಲಿನಲ್ಲಿ ನಾಲ್ಕು ಗೇರುಮರಗಳಿವೆ. ನನ್ನ ಮೂತ್ರಪಿಂಡದ ಕಾಯಿಲೆ 3ನೇ ಹಂತದಲ್ಲಿದೆ ಎಂದು ತಿಳಿದ ದಿನ ನಾನು ಡಯಟೀಷಿಯನ್ ಅವರನ್ನು ಮೊದಲು ಕೇಳಿದ್ದು, ಏಪ್ರಿಲ್ ತಿಂಗಳಲ್ಲಿ ತೊಂಡೆಕಾಯಿಯ ಜೊತೆ ಹಸಿ ಗೇರುಬೀಜ ಹಾಕಿ ಮಾಡುವ ಪಲ್ಯವನ್ನು ಇನ್ನು ಮುಂದೆ ತಿನ್ನಬಹುದೇ ಎಂದು. "ತಿನ್ನಿ ಅಮ್ಮಾ, ಆದರೆ ಡಬ್ಬಿಗೆ ಕೈ ಹಾಕಿ ತಿನ್ನಬೇಡಿ, ಎಣಿಸಿ ಬಟ್ಟಲಿಗೆ ಹಾಕಿಕೊಳ್ಳಿ" ಎಂದರು. ಉಪ್ಪು ಹಚ್ಚಿ ಹುರಿದ ಪ್ಯಾಕೆಟ್ ಬೀಜ ಬೇಡವೆಂದೂ ಹೇಳಿದರು.

ನಾನು ಎಡವಿದ್ದು ಈ ಎರಡನೆಯ ಮಾತಿನಲ್ಲಿ. ಕಡಿಮೆ ಸೋಡಿಯಂ ಇರುವ ಉಪ್ಪು ರಕ್ತದೊತ್ತಡಕ್ಕೆ ಒಳ್ಳೆಯದೆಂದು ನಂಬಿ, ಮನೆಯಲ್ಲೇ ಹುರಿದ ಗೇರುಬೀಜಕ್ಕೆ ಅದನ್ನು ಉದುರಿಸಿದ್ದಲ್ಲದೆ ಸಾರು, ಪಲ್ಯಗಳಿಗೂ ಅದನ್ನೇ ಬಳಸತೊಡಗಿದೆ. ದುರ್ಬಲ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು, ಎರಡು ತಿಂಗಳಲ್ಲಿ ರಕ್ತದಲ್ಲಿ ಅದು 4.9ರಿಂದ ಮಿತಿ ದಾಟಿ 5.8ಕ್ಕೆ ಏರಿತು. ಸೋಡಿಯಂ ಕಡಿಮೆ ಮಾಡಿದ ಜಾಗವನ್ನು ಆ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತದೆ. ನಾನು ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯೂ ಪೊಟ್ಯಾಸಿಯಂ ಏರಿಸುವ ಗುಂಪಿಗೇ ಸೇರಿದ್ದು. ಪೊಟ್ಯಾಸಿಯಂ ಮಿತಿಮೀರಿದರೆ ಮೈಗೆ ಏನೂ ಗೊತ್ತಾಗದಂತೆಯೇ ಹೃದಯದ ಬಡಿತ ಹದ ತಪ್ಪಬಹುದು ಎಂದು ವೈದ್ಯರು ವಿವರಿಸಿದಾಗ ನಿಜಕ್ಕೂ ಹೆದರಿದೆ. ಅಂದೇ ಆ ಉಪ್ಪಿನ ಪ್ಯಾಕೆಟ್ಟನ್ನು ಅಡುಗೆಮನೆಯಿಂದ ಹೊರಗೆ ಹಾಕಿದೆ. ಬೇಕಾದರೆ ಬೀಜಕ್ಕೆ ಒಂದಿಷ್ಟು ಕಾಳುಮೆಣಸಿನ ಪುಡಿ ಹಾಕಿಕೊಳ್ಳುತ್ತೇನೆ, ಉಪ್ಪು ಯಾವುದೂ ಇಲ್ಲ.

ಆಮೇಲೆ ಸಣ್ಣದೊಂದು ತಕ್ಕಡಿ ತಂದೆ. ನಮ್ಮ ಮರದ ಒಣಗೇರುಬೀಜ ಹತ್ತು ತೂಗಿದರೆ 15 ಗ್ರಾಂ ಆಗುತ್ತದೆ. ಅಷ್ಟರಲ್ಲಿ ಸುಮಾರು 100 ಮಿಲಿಗ್ರಾಂ ಪೊಟ್ಯಾಸಿಯಂ, 90 ಮಿಲಿಗ್ರಾಂ ರಂಜಕ (ಫಾಸ್ಫರಸ್) ಇರುತ್ತವೆ; ರಂಜಕವನ್ನೂ ದುರ್ಬಲ ಮೂತ್ರಪಿಂಡ ಸರಿಯಾಗಿ ಹೊರಹಾಕಲಾರದು. ಅಷ್ಟೇ ತೂಕದ ಅಕ್ರೋಟಿನಲ್ಲಿ ಪೊಟ್ಯಾಸಿಯಂ 65ರ ಆಸುಪಾಸು, ಪಿಸ್ತಾದಲ್ಲಿ 150. ಆದ್ದರಿಂದ ಪಿಸ್ತಾ ಬಿಟ್ಟೆ, ವಾರಕ್ಕೆ ಎರಡು ದಿನ ಅಕ್ರೋಟು, ಒಂದು ದಿನ ಗೇರುಬೀಜ ಎಂದು ಇಟ್ಟುಕೊಂಡೆ. ಒಂದು ದೊಡ್ಡ ಲೋಟ ಎಳನೀರಿನಲ್ಲಿ 500 ಮಿಲಿಗ್ರಾಂ ಆಸುಪಾಸಿನ ಪೊಟ್ಯಾಸಿಯಂ, ಅಂದರೆ ಐವತ್ತು ಗೇರುಬೀಜಗಳಲ್ಲಿ ಇರುವಷ್ಟು ಇದೆ ಎಂಬುದು ಗೊತ್ತಾದಾಗ, ಬೀಜವನ್ನು ದೂರುತ್ತ ಬಿಸಿಲಿಗೆಂದು ದಿನವೂ ಎಳನೀರು ಕುಡಿಯುತ್ತಿದ್ದುದು ಎಷ್ಟು ತಪ್ಪೆಂದು ಅರಿವಾಯಿತು. ಈಗ ಬೀಜ ತಿಂದ ದಿನ ಬಾಳೆಹಣ್ಣನ್ನೂ ಮುಟ್ಟುವುದಿಲ್ಲ.

ರಂಜಕದ ವಿಷಯದಲ್ಲಿ ನನಗೆ ಕೊಂಚ ಧೈರ್ಯ ಬಂದಿದೆ. ಬೀಜಗಳಲ್ಲಿ ಅದು ಹೆಚ್ಚಾಗಿ ಫೈಟೇಟ್ ಎಂಬ, ನಮ್ಮ ಹೊಟ್ಟೆ ಸುಲಭವಾಗಿ ಬಿಡಿಸಲಾರದ ರೂಪದಲ್ಲಿ ಕಟ್ಟಿಕೊಂಡಿರುವುದರಿಂದ ದೇಹ ಅದರಲ್ಲಿ ಒಂದು ಭಾಗವನ್ನಷ್ಟೇ ಹೀರಿಕೊಳ್ಳುತ್ತದೆ, ಕೋಲಾ ಮತ್ತು ಸಂಸ್ಕರಿಸಿದ ತಿಂಡಿಗಳಿಗೆ ಬೆರೆಸುವ ಫಾಸ್ಫೇಟ್ ರೂಪದ ರಂಜಕ ಮಾತ್ರ ಬಹುಪಾಲು ರಕ್ತಕ್ಕೆ ಸೇರುತ್ತದೆ. ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರಗಳಲ್ಲಿ ಫಾಸ್ಫೇಟ್ ಎಂಬ ಪದ ಕಂಡರೆ ಆ ತಿಂಡಿಯನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಶಿರಸಿಯ ನಮ್ಮ ಭಾವ ನನ್ನ ಲೆಕ್ಕವನ್ನೇ ಅನುಸರಿಸುವುದಾಗಿ ಹೇಳಿದಾಗ ನಾನೇ ಬೇಡವೆಂದೆ. ಅವರಿಗಿರುವುದು ಮೂತ್ರಪಿಂಡದ ಕಲ್ಲು. ಬಾದಾಮಿ, ಗೇರುಬೀಜಗಳಲ್ಲಿ ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಹೆಚ್ಚಿರುವುದರಿಂದ ಅವರು ತಮ್ಮ ವೈದ್ಯರನ್ನು ಕೇಳಿಯೇ ಅಳತೆ ನಿರ್ಧರಿಸಬೇಕು. ನನ್ನ ಅಳತೆಯೂ ನನ್ನ ರಕ್ತಪರೀಕ್ಷೆ ನೋಡಿ ಹೇಳಿದ್ದೇ, ಮೂರು ತಿಂಗಳಿಗೊಮ್ಮೆ ಅದು ಬದಲಾಗುತ್ತದೆ.

ಈ ಏಪ್ರಿಲ್‌ನಲ್ಲಿ ಸೊನೆ ತಾಗದಂತೆ ಕೈಗೆ ಎಣ್ಣೆ ಹಚ್ಚಿಕೊಂಡು ಹಸಿ ಬೀಜ ಬಿಡಿಸಿದೆ. ತೊಂಡೆಕಾಯಿ ಪಲ್ಯ ಮಾಡಿ, ಎಲ್ಲರ ತಟ್ಟೆಗೂ ಬಡಿಸುವ ಮೊದಲು ನನ್ನ ಪಾಲಿನ ಹತ್ತು ಬೀಜಗಳನ್ನು ಬೇರೆ ತೆಗೆದಿಟ್ಟೆ. ಮುಂದಿನ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 4.8 ಬಂದಿತು.